ರೊಸಾಲಿ ಮತ್ತು ನಮ್ಮ ದೊಡ್ಡವ್ವ

ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ನಾನು ಪುಸ್ತಕ ಆರಿಸೋದು ದಪ್ಪ ನೋಡಿ. ಆಫೀಸ್ ಕ್ಯಾಬಲ್ಲಿ ಹೋಗಿ ಬರುವಾಗ ಓದಿ ಮುಗಿಯುವಷ್ಟಿರಬೇಕು. ಹಾಗೆ ಕೈಗೆ ಬಂದದ್ದು ಥಾಮಸ್ ಮಾನ್ ಬರೆದ 'ದಿ ಬ್ಲಾಕ್ ಸ್ವಾನ್', ಅಂದರೆ ಕಪ್ಪು ಹಂಸ. ಮಾನ್ ಜರ್ಮನಿಯ ದೊಡ್ಡ ಹೆಸರು, 1929ರಲ್ಲಿ ನೊಬೆಲ್ ಬಂದವನು, ಅಷ್ಟು ಗೊತ್ತಿತ್ತು. ಅವನ ದಪ್ಪ ಕಾದಂಬರಿಗಳ ಕಡೆ ತಲೆ ಹಾಕುವ ಧೈರ್ಯ ಇರಲಿಲ್ಲ. ಇದು ತೆಳ್ಳಗಿತ್ತು, ಕೊಂಡೆ. ಇದು ಹೆಂಗಸೊಬ್ಬಳ ಮುಟ್ಟು ನಿಲ್ಲುವುದರ ಕತೆ ಅಂತ ಮೊದಲೇ ಗೊತ್ತಿದ್ದರೆ, ಸುಳ್ಳೇಕೆ ಹೇಳಲಿ, ಅಲ್ಲೇ ಇಟ್ಟು ಬರುತ್ತಿದ್ದೆ.

ಮಾನ್ ಇದನ್ನು ಪ್ರಕಟಿಸಿದ್ದು 1953ರಲ್ಲಿ, ಅವನಿಗೆ 78 ನಡೆಯುವಾಗ. ಜರ್ಮನ್ ಭಾಷೆಯಲ್ಲಿ ಇದರ ಹೆಸರಿಗೂ ಹಂಸಕ್ಕೂ ಸಂಬಂಧವಿಲ್ಲ. 'ಡೀ ಬೆಟ್ರೋಗೆನೆ' ಅಂದರೆ ಮೋಸಹೋದವಳು. ಕತೆ ನಡೆಯುವುದು 1920ರ ದಶಕದಲ್ಲಿ, ರೈನ್ ನದಿ ದಡದ ಡ್ಯೂಸೆಲ್‌ಡಾರ್ಫ್ ಊರಲ್ಲಿ. ರೊಸಾಲಿ 50ರ ಆಸುಪಾಸಿನ ವಿಧವೆ. ಮಗಳು ಅನ್ನಾ ಚಿತ್ರ ಬರೆಯುವವಳು, ಹುಟ್ಟಿನಿಂದ ಕಾಲು ಕುಂಟು, ಮದುವೆಯಾಗಿಲ್ಲ. ಮಗ ಎಡುವರ್ಡ್ ಇನ್ನೂ ಓದುವ ಹುಡುಗ. ಅವನಿಗೆ ಇಂಗ್ಲಿಷ್ ಹೇಳಿಕೊಡೋಕೆ ಕೆನ್ ಕೀಟನ್ ಅನ್ನೋ ಅಮೆರಿಕದ ಯುವಕ ಮನೆಗೆ ಬರುತ್ತಾನೆ. ಮುಟ್ಟು ನಿಂತು, ತನ್ನದೆಲ್ಲ ಮುಗಿಯಿತು ಅಂತ ಕೊರಗುತ್ತಿದ್ದ ರೊಸಾಲಿಗೆ ಅವನ ಮೇಲೆ ಮನಸ್ಸಾಗುತ್ತದೆ. ಆಮೇಲೆ ಒಂದು ದಿನ ನಿಂತ ಮುಟ್ಟು ಮತ್ತೆ ಕಾಣಿಸುತ್ತದೆ. ಪ್ರೀತಿ ತನ್ನ ಮೈಯನ್ನೇ ಹಿಂದಕ್ಕೆ ತಿರುಗಿಸಿತು, ಪ್ರಕೃತಿ ತನಗೆ ಕೊಟ್ಟ ವರ ಇದು ಅಂತ ಅವಳು ಕುಣಿದಾಡುತ್ತಾಳೆ. ಓಡಿಬಂದು ಮಗಳಿಗೆ ಹೇಳುತ್ತಾಳೆ. ಎಲ್ಲರೂ ದೋಣಿಯಲ್ಲಿ ಒಂದು ಹಳೇ ಅರಮನೆ ನೋಡಲು ಹೋಗುತ್ತಾರೆ. ಅಲ್ಲಿ ಕಪ್ಪು ಹಂಸಗಳಿಗೆ ತಂದ ಬ್ರೆಡ್ಡನ್ನು ಅವಳೇ ಕಚ್ಚಿ ತಿನ್ನುತ್ತಾಳೆ, ಹಂಸ ಬುಸುಗುಟ್ಟುತ್ತದೆ. ಅರಮನೆಯ ಮುಗ್ಗಲು ವಾಸನೆಯ ಗುಪ್ತದಾರಿಯಲ್ಲಿ ಕೆನ್‌ಗೆ ಮುತ್ತಿಡುತ್ತಾಳೆ. ಅದೇ ರಾತ್ರಿ ಅವಳನ್ನು ರಕ್ತದ ಮಡುವಿನಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿರುವಂತೆ ಕಾಣುತ್ತಾರೆ. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದರೆ ಕ್ಯಾನ್ಸರು ಎಲ್ಲ ಕಡೆ ಹರಡಿದೆ. ಬಂದದ್ದು ಮುಟ್ಟಲ್ಲ, ರೋಗ.

ಕೊನೇ ಪುಟಗಳನ್ನು ಓದುವಾಗ ನಮ್ಮ ಕ್ಯಾಬು ಮಾರತ್‌ಹಳ್ಳಿ ಸೇತುವೆ ಹತ್ರ ಟ್ರಾಫಿಕ್ಕಲ್ಲಿ ನಿಂತಿತ್ತು. ಪುಸ್ತಕ ಮುಚ್ಚಿದೆ. ನನಗೆ ಎದುರಿಗೆ ಕಂಡದ್ದು ರೊಸಾಲಿ ಅಲ್ಲ, ನಮ್ಮ ದೊಡ್ಡವ್ವ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ನಮ್ಮೂರಿಂದ ಎರಡು ಮೈಲಿ, ನಾಲೆ ಪಕ್ಕದ ಊರಿಗೆ ಕೊಟ್ಟಿದ್ದರು. ಅವಳಿಗೆ ಮುಟ್ಟು ನಿಂತು ಆರೇಳು ವರ್ಷ ಆಗಿತ್ತು. 55 ದಾಟಿದ ಮೇಲೆ ಒಂದು ಸಲ ಸ್ವಲ್ಪ ಬಟ್ಟೆ ಮೇಲೆ ಕಾಣಿಸಿತಂತೆ. ಗದ್ದೆ ಕೆಲಸ, ಬಿಸಿಲು, ಉಷ್ಣ ಆಗಿದೆ ಅಂತ ಎಳನೀರು ಕುಡಿದಳು, ಜೀರಿಗೆ ನೆನೆಸಿದ ನೀರು ಕುಡಿದಳು. ನಿಂತಿತು. ಮುಂದಿನ ತಿಂಗಳು ಮತ್ತೆ ಬಂತು. ಹೀಗೆ ಎಂಟು ತಿಂಗಳು. ಬೆಳಗಿನ ಜಾವ ಯಾರೂ ಏಳುವ ಮೊದಲು ನಾಲೆಗೆ ಹೋಗಿ ಬಟ್ಟೆ ಒಗೆದುಕೊಂಡು ಬರುತ್ತಿದ್ದಳು. ಯುಗಾದಿಗೆ ನಾನು ಊರಿಗೆ ಹೋದಾಗ ರವಿಕೆ ತೋಳು ಜೋಲುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋದೆವು. ಗರ್ಭಕೋಶದ ಕ್ಯಾನ್ಸರು, ಹೊಟ್ಟೆಯೊಳಗೆಲ್ಲ ಹಬ್ಬಿದೆ ಅಂದರು. ಆಮೇಲೆ ಹದಿನಾಲ್ಕು ತಿಂಗಳು ಬದುಕಿದ್ದಳು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಹಾಗಾಗಿ ನಾನು ಈ ಪುಸ್ತಕದ ಬಗ್ಗೆ ಬರೆಯೋದು ಸಾಹಿತ್ಯದ ಮೇಷ್ಟ್ರ ಥರ ಆಗಲ್ಲ. ಇದರ ಬಗ್ಗೆ ಓದಿದಲ್ಲೆಲ್ಲ ಪ್ರಕೃತಿ, ಕಲೆ, ಸಾವು, ಯುದ್ಧದಲ್ಲಿ ಹಾಳಾದ ಯುರೋಪು, ಇವೇ ಮಾತು. ಇರಲಿ. ನನ್ನ ಪ್ರಶ್ನೆ ಸಣ್ಣದು: ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದನ್ನು ಹೇಗೆ ಓದಬೇಕು? ರೊಸಾಲಿ ಅದನ್ನು ವರ ಅಂತ ಓದಿದಳು. ದೊಡ್ಡವ್ವ ಉಷ್ಣ ಅಂತ ಓದಿದಳು. ಇಬ್ಬರೂ ತಪ್ಪು ಓದಿದರು.

ಸರಿಯಾದ ಓದು ಏನು ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಸತತ 12 ತಿಂಗಳು ಮುಟ್ಟು ಬರದಿದ್ದರೆ ನಿಂತಿದೆ ಅಂತ ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46–47ರ ವಯಸ್ಸಿಗೆ ಆಗುತ್ತದೆ, ಪಶ್ಚಿಮದ ದೇಶಗಳಲ್ಲಿ 51ರ ಹತ್ತಿರ. ಆ 12 ತಿಂಗಳು ಕಳೆದ ಮೇಲೆ ಒಂದು ಹನಿ ಕಂಡರೂ ಡಾಕ್ಟರ ಹತ್ತಿರ ಹೋಗಬೇಕು. ಹೆದರಿಸೋಕೆ ಹೇಳ್ತಿಲ್ಲ. ಹಾಗೆ ರಕ್ತ ಕಂಡವರಲ್ಲಿ 100ಕ್ಕೆ 90 ಮಂದಿಗೆ ಗರ್ಭಕೋಶದ ಕ್ಯಾನ್ಸರು ಇರುವುದಿಲ್ಲ. ಒಳಪದರ ಒಣಗಿ ತೆಳುವಾಗಿರುತ್ತದೆ, ಇಲ್ಲಾ ಸಣ್ಣ ದುರ್ಮಾಂಸ ಇರುತ್ತದೆ. ಇದನ್ನೇ ತಿರುಗಿಸಿ ನೋಡಿ: ಗರ್ಭಕೋಶದ ಒಳಪದರದ ಕ್ಯಾನ್ಸರು ಬಂದವರಲ್ಲಿ 100ಕ್ಕೆ ಸುಮಾರು 90 ಮಂದಿಗೆ ಹೀಗೆ ರಕ್ತ ಕಂಡಿರುತ್ತದೆ. ಅಂದರೆ ಈ ರೋಗ ಕದ್ದು ಬರುವುದಲ್ಲ, ಬಾಗಿಲು ಬಡಿದು ಬರುವುದು. ಒಳಗಿನಿಂದ ಮಾಡುವ ಒಂದು ಸ್ಕ್ಯಾನಿನಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರಿಗಿಂತ ದಪ್ಪ ಇದ್ದರೆ ಚೂರು ಪದರ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ತೆಳುವಿದ್ದರೂ ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ ತೆಗೆದು ನೋಡುತ್ತಾರೆ. ಗರ್ಭಕೋಶ ಬಿಟ್ಟು ಹರಡುವ ಮೊದಲೇ ಸಿಕ್ಕಿದರೆ, ಅಮೆರಿಕದ ಲೆಕ್ಕದಲ್ಲಿ, 100ಕ್ಕೆ 90ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ.

ನನ್ನ ಕೆಲಸವೇ ಇಂಥ ಬಡಿತ ಕೇಳಿಸಿಕೊಳ್ಳೋದು. ಸರ್ವರ್ ಒಂದರ ಮೆಮೊರಿ ಸ್ವಲ್ಪ ಏರಿದರೆ ರಾತ್ರಿ ಎರಡು ಗಂಟೆಗೆ ನನ್ನ ಫೋನು ಕಿರುಚುತ್ತದೆ, ಎದ್ದು ಲ್ಯಾಪ್‌ಟಾಪ್ ತೆಗೀತೀನಿ. ಯಾವುದೋ ದೇಶದ ಯಾವುದೋ ಅಂಗಡಿಯ ಸರ್ವರ್ ಅದು. ದೊಡ್ಡವ್ವನ ಮೈ ಎಂಟು ತಿಂಗಳು ಬಡಿದದ್ದು ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ.

ಪುಸ್ತಕಕ್ಕೆ ಬರೋಣ. ಮಾನ್ ಗೆದ್ದಿರುವುದು ಎಲ್ಲಿ ಅಂತ ಮೊದಲು ಹೇಳಬೇಕು. 78ರ ಗಂಡಸೊಬ್ಬ ಕೂತು 50ರ ಹೆಂಗಸಿನ ಮೈ ಬಗ್ಗೆ, ನಗೆಯಾಡದೆ, ಇಡೀ ಒಂದು ಕತೆ ಬರೆದಿದ್ದಾನೆ. ತಲೆನೋವು, ಬೇಜಾರು, ಇದ್ದಕ್ಕಿದ್ದಂಗೆ ಸಿಡುಕು, ಇವನ್ನೆಲ್ಲ 'ವಯಸ್ಸಾಯ್ತು, ಅರಳು ಮರಳು' ಅಂತ ತಳ್ಳಿಹಾಕುವುದಿಲ್ಲ. ಅದಕ್ಕಿಂತ ದೊಡ್ಡದು ತಾಯಿ ಮಗಳ ಮಾತು. ಇಬ್ಬರೂ ತಿರುಗಾಡುತ್ತಾ ಮುಟ್ಟಿನ ನೋವಿನ ಬಗ್ಗೆ, ನಿಂತದ್ದರ ಬಗ್ಗೆ, ಗಂಡಸಿನ ಮೇಲಿನ ಆಸೆ ಬಗ್ಗೆ ಪುಟಗಟ್ಟಲೆ ಮಾತಾಡುತ್ತಾರೆ. ಕನ್ನಡದಲ್ಲಿ ಬಾಣಂತಿಯ ಮನಸ್ಸು ಕೆಡುವುದನ್ನು ತ್ರಿವೇಣಿ 'ಶರಪಂಜರ'ದಲ್ಲಿ ಬರೆದರು, ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿ ಹಳ್ಳಿ ಹಳ್ಳಿಗೆ ಮುಟ್ಟಿಸಿದರು. ಡಾಕ್ಟರೂ ಕತೆಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದು ಮೈ ವಿಷಯವನ್ನು ಸರಳ ಕನ್ನಡದಲ್ಲಿ ಹೇಳಿದರು. ಆದರೆ ಮುಟ್ಟು ನಿಲ್ಲುವುದನ್ನೇ ನಡುಮನೆಯಲ್ಲಿ ಕೂರಿಸಿ ಬರೆದ ಇಂಥ ಕತೆಯನ್ನು ನಾನು ಓದಿದ್ದು ಇದೇ ಮೊದಲು.

ಇನ್ನೊಂದು ಜಾಗದಲ್ಲೂ ಮಾನ್ ಗಟ್ಟಿಗ. ಒಂದು ಸಲ ನಡೆದು ಹೋಗುವಾಗ ರೊಸಾಲಿಗೆ ಕಸ್ತೂರಿಯ ಹಾಗೆ ಘಮ್ಮನೆ ವಾಸನೆ ಬರುತ್ತದೆ. ಹುಡುಕಿಕೊಂಡು ಹೋದರೆ ಅದು ಕೊಳೆತ ಗಲೀಜಿನ ಗುಡ್ಡೆ. ನಾನು ಮೊದಲ ಸಲ ಓದುವಾಗ ಇದನ್ನು ಹಾಗೇ ದಾಟಿ ಹೋದೆ. ಎರಡನೇ ಸಲ ಓದುವಾಗ ಎದೆ ಝಲ್ಲೆಂದಿತು. ಲೇಖಕ ಅಲ್ಲೇ ಎಚ್ಚರಿಕೆ ಕೊಟ್ಟಿದ್ದ. ರೊಸಾಲಿಯ ಜೊತೆ ನಾವೂ ಮೋಸಹೋಗುವಂತೆ ಬರೆದು, ಓದುಗರಿಗೂ ಸೂಚನೆ ಕಾಣುವುದಿಲ್ಲ ನೋಡು ಅಂತ ತೋರಿಸಿಬಿಡುತ್ತಾನೆ.

ನನ್ನ ತಕರಾರು ಶುರುವಾಗುವುದು ಇದಾದ ಮೇಲೆ. ಮುಟ್ಟು ನಿಲ್ಲುವುದು ಹೆಂಗಸಿಗೆ ಕಳೆದುಕೊಳ್ಳುವುದು, ಅದು ಅವಳ ದುಃಖ ಅಂತ ಮಾನ್ ಹಿಡಿದುಕೊಂಡಿದ್ದಾನೆ. ರೊಸಾಲಿಯಂಥವಳಿಗೆ ಹಾಗಿರಬಹುದು. ನಮ್ಮೂರ ಕಡೆ ಅದು ಬಿಡುಗಡೆ. ತಿಂಗಳಿಗೆ ಮೂರು ದಿನ ಹೊರಗೆ ಕೂರುವುದು ತಪ್ಪುತ್ತದೆ. ಒಲೆ, ದೇವರು, ಉಪ್ಪಿನಕಾಯಿ ಜಾಡಿ, ಎಲ್ಲವನ್ನೂ ಯಾವಾಗ ಬೇಕಾದರೂ ಮುಟ್ಟಬಹುದು. 50 ದಾಟಿದ ಹೆಂಗಸರು ಗುಂಪು ಕಟ್ಟಿಕೊಂಡು ಶಬರಿಮಲೆಗೆ ಹೋಗಿ ಬರುತ್ತಾರೆ. ಮುಟ್ಟು ನಿಂತ ಮೇಲೆ ನಮ್ಮ ದೊಡ್ಡವ್ವ ಮಾರಿಹಬ್ಬದಲ್ಲಿ ತಂಬಿಟ್ಟಿನ ಆರತಿ ಹೊರುವವರ ಸಾಲಿನಲ್ಲಿ ಮುಂದೆ ಇರುತ್ತಿದ್ದಳು. ಯಾರ ದಿನದ ಲೆಕ್ಕವೂ ಕೇಳಬೇಕಿಲ್ಲ, ಯಾವಾಗ ಕರೆದರೂ ಬರುತ್ತಾಳೆ.

ಆ ಎಂಟು ತಿಂಗಳಲ್ಲಿ ಮಾರಿಹಬ್ಬ ಬಂತು. ದೊಡ್ಡವ್ವ ಆರತಿ ಹೊರಲಿಲ್ಲ. ಮಂಡಿ ನೋವು ಅಂದಳಂತೆ. ಮಂಡಿ ನೋವಿದ್ದವಳು ಅದೇ ವಾರ ನಾಟಿಗೆ ಹೋಗಿದ್ದಳು. ಯಾರಾದರೂ ಒಬ್ಬರು 'ಯಾಕೆ' ಅಂತ ಇನ್ನೊಂದು ಸಲ ಕೇಳಿದ್ದರೆ ಗೊತ್ತಾಗುತ್ತಿತ್ತು. ರೊಸಾಲಿಗೆ ಆ ರಕ್ತ ಹಬ್ಬವಾದರೆ ದೊಡ್ಡವ್ವನಿಗೆ ಹಬ್ಬ ತಪ್ಪಿಸಿತು. ಒಬ್ಬಳು ಖುಷಿಯಲ್ಲಿ ಡಾಕ್ಟರನ್ನು ಮರೆತಳು, ಇನ್ನೊಬ್ಬಳು ನಾಚಿಕೆಯಲ್ಲಿ. ಹೆಂಗಸಿನ ಮೈಗೆ ಊರೂರಿಗೆ ಒಂದೊಂದು ಅರ್ಥ ಕಟ್ಟಿರುತ್ತಾರೆ, ಆ ಅರ್ಥದ ಭಾರದಲ್ಲಿ ಸೂಚನೆ ಮುಚ್ಚಿಹೋಗುತ್ತದೆ. ಮಾನ್ ಇದನ್ನು ಅರ್ಧ ಮಾತ್ರ ಕಂಡ. ಅವನ ಪ್ರಕಾರ ಮೋಸ ಮಾಡಿದ್ದು ಪ್ರಕೃತಿ.

ಪ್ರಕೃತಿ ಏನು ಮೋಸ ಮಾಡಿತು ಹೇಳಿ? ಸೂಚನೆ ಕೊಟ್ಟಿತು. ರಕ್ತ ರಕ್ತವೇ. ಅದಕ್ಕೆ 'ಮರಳಿ ಬಂದ ಯೌವನ' ಅಂತ ಚೀಟಿ ಅಂಟಿಸಿದ್ದು ರೊಸಾಲಿ. ಆ ಕಾಲಕ್ಕೆ ಸ್ಕ್ಯಾನ್ ಇರಲಿಲ್ಲ, ನಿಜ. ಆದರೆ ಗರ್ಭಕೋಶದ ಒಳಪದರ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಆಗಲೇ ಡಾಕ್ಟರಿಗೆ ಗೊತ್ತಿತ್ತು.

ಅಂಡಾಶಯದಲ್ಲಿ ಹುಟ್ಟುವ ಒಂದು ಜಾತಿಯ ಗಡ್ಡೆ ನಿಜವಾಗಿಯೂ ಈಸ್ಟ್ರೋಜನ್ ತಯಾರಿಸುತ್ತದೆ, ಅದರಿಂದ ಗರ್ಭಕೋಶದ ಪದರ ಬೆಳೆದು ನಿಂತ ರಕ್ತ ಮತ್ತೆ ಕಾಣುತ್ತದೆ. ಕತೆಯ ಡಾಕ್ಟರು ಕೂಡ ರೋಗ ಅಂಡಾಶಯದಲ್ಲಿ ಶುರುವಾಯಿತು ಅನ್ನುತ್ತಾನೆ. ಮಾನ್ ವೈದ್ಯಕೀಯ ವಿವರ ಕೇಳಿ ತಿಳಿದುಕೊಂಡೇ ಬರೆದಿದ್ದ. ಅಷ್ಟು ತಿಳಿದುಕೊಂಡವನು ಕೊನೆಗೆ ಅದನ್ನೆಲ್ಲ ಒಂದು ಗೂಢದ ಮಂಜಿನೊಳಗೆ ಬಿಟ್ಟದ್ದು ನನಗೆ ಸಿಟ್ಟು.

ಪುಸ್ತಕ ಬಂದ 13 ವರ್ಷಕ್ಕೆ ರೊಸಾಲಿಯ ಭ್ರಮೆಯನ್ನೇ ಮಾತ್ರೆ ಮಾಡಿ ಮಾರಿದರು ಅಂದರೆ ನಂಬ್ತೀರಾ? 1966ರಲ್ಲಿ ಅಮೆರಿಕದ ಡಾಕ್ಟರು ರಾಬರ್ಟ್ ವಿಲ್ಸನ್ 'ಫೆಮಿನೈನ್ ಫಾರೆವರ್' ಅನ್ನೋ ಪುಸ್ತಕ ಬರೆದ. ಮುಟ್ಟು ನಿಲ್ಲುವುದೇ ಒಂದು ರೋಗ, ಈಸ್ಟ್ರೋಜನ್ ತಗೊಂಡರೆ ಹೆಣ್ತನ ಉಳಿಯುತ್ತದೆ ಅನ್ನೋದು ಅದರ ತಿರುಳು. ಪುಸ್ತಕವೂ ಮಾತ್ರೆಯೂ ಭರ್ಜರಿಯಾಗಿ ಖರ್ಚಾದವು. 1975ರಲ್ಲಿ ಎರಡು ಅಧ್ಯಯನ ಬಂದವು: ಈಸ್ಟ್ರೋಜನ್ ಒಂದನ್ನೇ ತಗೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರು ಹಲವು ಪಟ್ಟು ಹೆಚ್ಚು. ರೊಸಾಲಿಗೆ ಆದದ್ದೇ, ಈ ಸಲ ಅಂಗಡಿಯಲ್ಲಿ ದುಡ್ಡು ಕೊಟ್ಟು.

ಅದಕ್ಕೆ ಹಾರ್ಮೋನೇ ವಿಷ ಅಂದುಕೊಳ್ಳೋದೂ ತಪ್ಪು. ಗರ್ಭಕೋಶ ಇರುವವರಿಗೆ ಈಗ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಥರದ್ದನ್ನೂ ಕೊಡುತ್ತಾರೆ, ಪದರ ಅಂಕೆ ಮೀರಿ ಬೆಳೆಯದ ಹಾಗೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರು, ಪಾರ್ಶ್ವವಾಯುವಿನ ಅಪಾಯ ಹೇಳಿದ ಮೇಲೆ ಲಕ್ಷಾಂತರ ಹೆಂಗಸರು ಹೆದರಿ ಬಿಟ್ಟರು. ಆಮೇಲೆ ಲೆಕ್ಕವನ್ನು ವಯಸ್ಸು ವಯಸ್ಸಿಗೆ ಬಿಡಿಸಿ ನೋಡಿದರು. 60ರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷದೊಳಗಿನವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಮೈ ಬಿಸಿಯೇರಿ ಬೆವರುವುದು ತಡೆಯಲಾಗದಷ್ಟು ಇದ್ದರೆ, ಬಹಳ ಮಂದಿಗೆ ಅಪಾಯಕ್ಕಿಂತ ಉಪಯೋಗವೇ ಹೆಚ್ಚು ಅಂತ ಈಗಿನ ತಿಳಿವಳಿಕೆ. ಅದು ಡಾಕ್ಟರೂ ಅವರೂ ಕೂತು ಮಾತಾಡಿ ತೀರ್ಮಾನಿಸುವ ವಿಷಯ. ಮಾತೇ ಆಡದಿದ್ದರೆ? ನಿದ್ದೆ ಇಲ್ಲದ ರಾತ್ರಿಗಳು, ಉರಿಮೂತ್ರ, ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಬೇಗ ಬೇಗ ಸವೆಯುವ ಮೂಳೆ, ಇವೆಲ್ಲ 'ಹೆಣ್ಣು ಜನ್ಮ' ಅನ್ನೋ ಒಂದೇ ಲೆಕ್ಕಕ್ಕೆ ಹೋಗುತ್ತವೆ.

ನಮ್ಮಲ್ಲಿ ಮಾತಿಲ್ಲದ ಜಾಗಕ್ಕೆ ಕತ್ತರಿ ಬಂದು ಕೂತಿದೆ. ಬಿಳಿಸೆರಗು, ಹೆಚ್ಚು ಮುಟ್ಟು, ಹೊಟ್ಟೆನೋವು, ಏನೇ ಇರಲಿ, 'ಗರ್ಭಕೋಶ ತೆಗೆಸಿಬಿಡಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ' ಅನ್ನೋ ಮಾತು ಹಳ್ಳಿಗಳಲ್ಲಿ ನೀರು ಕುಡಿದಷ್ಟು ಸಲೀಸು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ಹೆಂಗಸರಲ್ಲಿ 100ಕ್ಕೆ ಮೂವರಿಗಿಂತ ಹೆಚ್ಚು ಮಂದಿ ಆಗಲೇ ತೆಗೆಸಿಕೊಂಡಿದ್ದರು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರ ಸುದ್ದಿ, ಮಹಾರಾಷ್ಟ್ರದ ಬೀಡ್‌ನ ಕಬ್ಬು ಕಡಿಯುವ ಹೆಂಗಸರ ಸುದ್ದಿ ಪೇಪರಲ್ಲಿ ಓದಿರ್ತೀರಿ. ಬೇಕಿಲ್ಲದ ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತನ್ನಿ ಅಂತ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಅಂಡಾಶಯವನ್ನೂ ತೆಗೆದರೆ ಮೂವತ್ತರ ಹೆಣ್ಣಿಗೆ ರಾತ್ರೋರಾತ್ರಿ ಮುಟ್ಟು ನಿಂತವಳ ಮೈ ಬರುತ್ತದೆ, ಮೂಳೆ ಸವೆತ, ಹೃದಯದ ತೊಂದರೆ ಬೇಗ ಹತ್ತಿರವಾಗುತ್ತವೆ. ಪರೀಕ್ಷೆ ಬೇಕಾದ ದೊಡ್ಡವ್ವನಿಗೆ ಪರೀಕ್ಷೆ ಸಿಗಲಿಲ್ಲ. ಆಪರೇಷನ್ ಬೇಡದವರಿಗೆ ಆಪರೇಷನ್ ಸಿಗುತ್ತದೆ.

ಕೊನೆಗೆ ಮಾನ್ ಕತೆಯನ್ನು ಮುಗಿಸುವ ರೀತಿ. ಸಾಯುವ ಮುಂಚೆ ರೊಸಾಲಿ ಮಗಳನ್ನು ಕರೆದು, ಪ್ರಕೃತಿ ನನಗೆ ಮೋಸ ಮಾಡಿತು ಅನ್ನಬೇಡ ಅನ್ನುತ್ತಾಳೆ. ಸಾವು ಪ್ರೀತಿಯ ವೇಷದಲ್ಲಿ ಬಂದದ್ದು ಸುಳ್ಳಲ್ಲ, ದಯೆ ಅನ್ನೋ ಅರ್ಥದ ಮಾತು. ಇದನ್ನು ಮೆಚ್ಚಿದವರು ಬಹಳ. ರೊಸಾಲಿಗೆ ಹಾಗೆ ಹೇಳುವ ಹಕ್ಕಿದೆ, ಸಾಯುವವರು ಸಮಾಧಾನ ಮಾಡಿಕೊಳ್ಳಲಿ. ನಮ್ಮ ದೊಡ್ಡವ್ವನೂ 'ಹಣೇಲಿ ಬರೆದಿದ್ದು ಕಣಪ್ಪ' ಅಂದೇ ಹೋದಳು. ಆದರೆ ಉಳಿದವರು ಅದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳೋಕಾಗಲ್ಲ. ಆ ಕ್ಷಮೆಯಲ್ಲಿ ಕತೆ ಮುಗಿದು, ಅನ್ನಾ ಏನು ಮಾಡಬಹುದಿತ್ತು ಅನ್ನೋ ಪ್ರಶ್ನೆ ಅಲ್ಲೇ ಉಳಿದುಬಿಡುತ್ತದೆ. ನನಗೆ ಕತೆಯಲ್ಲಿ ಬೇಕಾದದ್ದು ಅದೇ.

ಎರಡನೇ ಸಲ ಓದಿ ಮುಗಿಸಿದ ಭಾನುವಾರ ಅವ್ವನಿಗೆ ಫೋನ್ ಮಾಡಿದೆ. ಮಳೆ, ರೇಷನ್ನು, ಹಸು ಎಷ್ಟು ಹಾಲು ಕೊಡ್ತಿದೆ, ಎಲ್ಲ ಆಯಿತು. ಆಮೇಲೆ ಕಣ್ಣು ಮುಚ್ಚಿ ಕೇಳಿಬಿಟ್ಟೆ: "ಅವ್ವ, ನಿಂಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

ಆ ಕಡೆ ಸದ್ದಿಲ್ಲ. ಆಮೇಲೆ, "ಯಾಕ್ಲಾ, ಕುಡ್ದಿದ್ದೀಯಾ?"

ಇಲ್ಲ ಕಣವ್ವ ಅಂತ ಪುಸ್ತಕದ ಕತೆ ಹೇಳಿದೆ. ಕೆನ್‌ಗೆ ಮುತ್ತಿಟ್ಟದ್ದನ್ನು ಬಿಟ್ಟು ಎಲ್ಲ ಹೇಳಿದೆ. ಅವ್ವ ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಕೇಳಿದಳು, "ಆವಮ್ಮ ಮಗಳಿಗೆ ಹೇಳುದ್ಲು ಅಂದ್ಯಲ್ಲ, ಮಗಳು ಏನಂದ್ಲು?"

"ಅವ್ಳಿಗೂ ಅನುಮಾನ ಬರ್ಲಿಲ್ಲ. ಅಮ್ಮನ ಖುಷೀಲಿ ಅವ್ಳೂ ಸೇರ್ಕೊಂಡ್ಲು."

ಸ್ವಲ್ಪ ಹೊತ್ತು ಬಿಟ್ಟು ಅವ್ವ ಹೇಳಿದಳು. ದೊಡ್ಡವ್ವ ಯಾರಿಗೂ ಹೇಳಿರಲಿಲ್ಲ ಅನ್ನೋದು ಸುಳ್ಳು. ಎರಡನೇ ತಿಂಗಳೇ ಸಂತೆಯಿಂದ ಬರುವಾಗ ದಾರಿಯಲ್ಲಿ ಅವ್ವನಿಗೆ ಹೇಳಿದ್ದಳಂತೆ, ಮತ್ತೆ ಹೊರಗಾಗ್ತಾ ಇದೀನಿ ಕಣೆ ಅಂತ. "ನಾನು ನಕ್ಕಬುಟ್ಟೆ ಕಣ್ಲಾ ಮಗ. ಹರೇದ ಹೆಣ್ಣಾದೆಯಾ ಅಂತ ತಮಾಸೆ ಮಾಡ್ದೆ. ಅವ್ಳೂ ನಕ್ಕುಳು. ಆಮೇಲೆ ಅವ್ಳು ಆ ಮಾತೇ ಎತ್ತಲಿಲ್ಲ."

ಐದು ವರ್ಷ ಅವ್ವ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳೇ ಮಾತು ತೆಗೆದಳು, "ಆ ಮಗಳು ಪಾಪ, ಅವ್ಳಿಗೇನು ಗೊತ್ತು."

"ಹೂ ಕಣವ್ವ," ಅಂದೆ.

"ನಂಗೆ ನಿಂತು ಒಂಬತ್ತು ವರ್ಸ ಆಯ್ತು. ಏನೂ ಕಂಡಿಲ್ಲ. ಕಂಡ್ರೆ ನಿಂಗೇ ಹೇಳ್ತೀನಿ ಬುಡು." ಇಷ್ಟು ಹೇಳಿ ಹಸು ಕಟ್ಟಬೇಕು ಅಂತ ಫೋನಿಟ್ಟಳು.

ಹೋದ ವಾರ ಅವಳೇ ಫೋನ್ ಮಾಡಿದ್ದಳು. ಡೈರಿಗೆ ಹಾಲು ಹಾಕಲು ಬರುವ ಹೆಂಗಸರ ಹತ್ತಿರ ಕತೆ ಹೇಳಿದ್ದಾಳೆ, ಯಾವುದೋ ದೇಶದಲ್ಲಿ ಹಿಂಗಾಯ್ತಂತೆ ಅಂತ. ದೊಡ್ಡವ್ವನ ಹೆಸರು ಎತ್ತಿಲ್ಲವಂತೆ. ಅವರಲ್ಲಿ ಒಬ್ಬಳು ಗುಂಪು ಕರಗುವ ತನಕ ನಿಂತಿದ್ದು, ಆಮೇಲೆ ಅವ್ವನ ಹತ್ತಿರ ಬಂದು, ಮಂಡ್ಯದಲ್ಲಿ ಸ್ಕ್ಯಾನ್ ಎಲ್ಲಿ ಮಾಡ್ತಾರೆ ಅಂತ ಕೇಳಿದಳಂತೆ.